ರಿಯಾಸ್ ಬರ್ಲಿನ್: ಬಾಯಿಮಾತಿನ ದ್ವೇಷವನ್ನೂ ದಾಖಲಿಸಿಕೊಳ್ಳುವ ಸೇವೆ

ಬರ್ಲಿನ್‌ಗೆ ಹೊಸದಾಗಿ ಬಂದ ಕನ್ನಡದವರು ಮನೆ ಹುಡುಕೋದು ಹೇಗೆ, ಡಾಕ್ಟರ್ ಸಿಗೋದು ಎಲ್ಲಿ ಅಂತ ನನ್ನನ್ನು ಕೇಳುತ್ತಿರುತ್ತಾರೆ. ಯಾರೂ ಕೇಳದ ಒಂದು ಸೇವೆಯ ಬಗ್ಗೆ ಇವತ್ತು ಬರೆಯುತ್ತೇನೆ. ಅದರ ಹೆಸರು ರಿಯಾಸ್ ಬರ್ಲಿನ್. ಯೆಹೂದಿಗಳ ಮೇಲಿನ ದ್ವೇಷದ ಯಾವ ಘಟನೆಯನ್ನಾದರೂ ಇವರಿಗೆ ತಿಳಿಸಬಹುದು. ಹಲ್ಲೆಯೇ ಆಗಿರಬೇಕು ಅಂತಿಲ್ಲ. ರೈಲಿನಲ್ಲಿ ಕೇಳಿದ ಒಂದು ಮಾತು, ಬಾಗಿಲ ಮೇಲೆ ಗೀಚಿದ ನಾಜಿ ಗುರುತು, ಶಾಲೆಯ ಅಂಗಳದಲ್ಲಿ 'ಯೆಹೂದಿ' ಅನ್ನುವುದನ್ನೇ ಬೈಗುಳ ಮಾಡಿಕೊಂಡ ಮಕ್ಕಳು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. 2015ರಲ್ಲಿ ಶುರುವಾದ ಸೇವೆ ಇದು. ದುಡ್ಡು ಕೊಡಬೇಕಿಲ್ಲ. ದ್ವೇಷಕ್ಕೆ ಗುರಿಯಾದವರೇ ತಿಳಿಸಬೇಕು ಅಂತಲೂ ಇಲ್ಲ, ನೋಡಿದವರು ತಿಳಿಸಿದರೂ ಆಗುತ್ತದೆ.

ನಾನು ತಿಳಿಸಿದ್ದು ನೋಡಿದವಳಾಗಿ. ಇಲ್ಲಿನ ಒಂದು ಆಸ್ಪತ್ರೆಯಲ್ಲಿ ನಾನು ನರ್ಸ್. ಡ್ಯೂಟಿ ಮುಗಿಸಿ ಊ-ಬಾನ್‌ನಲ್ಲಿ, ಅಂದರೆ ಇಲ್ಲಿನ ಮೆಟ್ರೋದಲ್ಲಿ, ಮನೆಗೆ ಬರುತ್ತಿದ್ದೆ. ಎದುರು ಸೀಟಿನಲ್ಲಿ ಒಬ್ಬ ಅಜ್ಜಿ, ಕೊರಳಲ್ಲಿ ಯೆಹೂದಿಗಳ ಗುರುತಾದ ಸಣ್ಣ ದಾವೀದನ ನಕ್ಷತ್ರ. ಪಕ್ಕದಲ್ಲಿ ನಿಂತಿದ್ದವನು ಒಳ್ಳೆ ಬಟ್ಟೆ ಹಾಕಿದ್ದ, ಕುಡಿದಿರಲಿಲ್ಲ. ನಕ್ಷತ್ರದ ಕಡೆ ನೋಡಿ, 'ನಿಮ್ಮವರೇ ಅಲ್ವಾ ದುಡ್ಡು ಚೆಲ್ಲಿ ಎಲ್ಲರನ್ನೂ ಕುಣಿಸೋದು' ಅಂದ. ಅಜ್ಜಿ ಏನೂ ಹೇಳಲಿಲ್ಲ. ನಕ್ಷತ್ರವನ್ನು ಸ್ವೆಟರ್ ಒಳಗೆ ಸೇರಿಸಿಕೊಂಡರು. ಅವರ ಕೈ ನಡುಗುತ್ತಿತ್ತು. ಬೋಗಿ ತುಂಬ ಜನ, ಎಲ್ಲರ ಕಣ್ಣೂ ಫೋನಿನ ಮೇಲೆ.

ಎದ್ದು ಹೋಗಿ ಅಜ್ಜಿಯ ಪಕ್ಕ ಕೂತೆ. 'ಇವರ ಜೊತೆ ಹೀಗೆ ಮಾತಾಡಬೇಡಿ' ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಅವನು ತಮಾಷೆಗೆ ಅಂದೆ ಎನ್ನುತ್ತಾ ಮುಂದಿನ ಸ್ಟೇಷನ್ನಿನಲ್ಲಿ ಇಳಿದುಹೋದ. ಆಮೇಲೆ ಅಜ್ಜಿಯ ಜೊತೆ ಮಾತಾಡುತ್ತಾ ಕೂತೆ. ಇದು ಹೊಸದೇನಲ್ಲ, ಪೊಲೀಸರ ಹತ್ತಿರ ಹೋಗಿ ಏನು ಪ್ರಯೋಜನ ಅಂದರು. ರಿಯಾಸ್‌ಗೆ ತಿಳಿಸಲಾ ಅಂತ ಕೇಳಿದಾಗ ಸ್ವಲ್ಪ ಯೋಚಿಸಿ ಒಪ್ಪಿದರು.

ಅಜ್ಜಿ ಹೇಳಿದ್ದರಲ್ಲಿ ನಿಜವಿದೆ. ಪೊಲೀಸರು ಕೇಸು ಹಾಕಬೇಕಾದರೆ ಕಾನೂನಿನಲ್ಲಿ ಅದು ಅಪರಾಧ ಅನ್ನಿಸಿಕೊಳ್ಳಬೇಕು. ಇಂಥ ಎಷ್ಟೋ ಮಾತುಗಳು ಆ ಗೆರೆ ದಾಟುವುದೇ ಇಲ್ಲ. ಹಾಗಂತ ನೋವು ಕಡಿಮೆಯಾ? ವಾರ್ಡಿನಲ್ಲಿ ಜ್ವರ ಸ್ವಲ್ಪವೇ ಇದ್ದರೂ ಚಾರ್ಟಿನಲ್ಲಿ ಬರೆಯುತ್ತೇವೆ. ಬರೆಯದೆ ಬಿಟ್ಟರೆ ಅದು ಏರುತ್ತಿರುವುದು ಗೊತ್ತಾಗುವುದು ಹೇಗೆ? ರಿಯಾಸ್ ಮಾಡುವುದು ಆ ಬರೆಯುವ ಕೆಲಸ.

ವೆಬ್‌ಸೈಟಿನ ಫಾರ್ಮ್ ಸರಳವಾಗಿದೆ, ಇಂಗ್ಲಿಷಿನಲ್ಲೂ ಇದೆ. ಎಲ್ಲಿ, ಯಾವಾಗ, ಏನಾಯಿತು ಅಂತ ಬರೆಯಬೇಕು. ಆಮೇಲೆ ಅವರ ಕಡೆಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದರು. ಅವನು ಅಂದ ಮಾತನ್ನು ಇದ್ದ ಹಾಗೆ ಹೇಳಿಸಿಕೊಂಡರು. ಸುತ್ತಲಿದ್ದವರು ಏನು ಮಾಡಿದರು ಅಂತಲೂ ಕೇಳಿದರು. ನನಗೆ ತುಂಬಾ ಹಿಡಿಸಿದ್ದು ಈ ಪ್ರಶ್ನೆ. ಅಜ್ಜಿಗೆ ಬೇಕಿದ್ದರೆ ಇರಲಿ ಅಂತ ಒಫೆಕ್ ಸಂಸ್ಥೆಯ ವಿವರ ಕೊಟ್ಟರು. ಯೆಹೂದಿ ದ್ವೇಷ ಅನುಭವಿಸಿದವರಿಗೆ ಸಲಹೆ, ಸಾಂತ್ವನ ಕೊಡುವವರು ಅವರು. ಒಪ್ಪಿಗೆ ಇಲ್ಲದೆ ಘಟನೆಯನ್ನು ಪ್ರಕಟಿಸುವುದಿಲ್ಲ ಅಂತಲೂ ಹೇಳಿದರು. ಅವನನ್ನು ಹಿಡಿದು ಶಿಕ್ಷೆ ಕೊಡಿಸುತ್ತಾರೆ ಅಂತ ಮಾತ್ರ ಯಾರೂ ನಿರೀಕ್ಷೆ ಮಾಡಬಾರದು. ಅದು ಅವರ ಕೆಲಸವಲ್ಲ.

2024ರಲ್ಲಿ ರಿಯಾಸ್‌ನ ರಾಷ್ಟ್ರಮಟ್ಟದ ಜಾಲ ಇಡೀ ಜರ್ಮನಿಯಲ್ಲಿ 8,627 ಘಟನೆ ದಾಖಲಿಸಿತು, ಬರ್ಲಿನ್ ಒಂದರಲ್ಲೇ 2,521. ಅದರಲ್ಲಿ ಜಾಸ್ತಿ ಇರುವುದು ಇಂಥ ನೋಯಿಸುವ ಮಾತು, ನಡವಳಿಕೆಗಳೇ.

ಇವರ ಲೆಕ್ಕವನ್ನು ಎಲ್ಲರೂ ಒಪ್ಪುವುದಿಲ್ಲ. ಇಸ್ರೇಲ್ ಬಗ್ಗೆ ಆಡಿದ ಯಾವ ಮಾತು ಟೀಕೆ, ಯಾವುದು ಯೆಹೂದಿ ದ್ವೇಷ ಅನ್ನುವ ವಾದ ಇಲ್ಲಿ ಜೋರಾಗಿ ನಡೆಯುತ್ತಿದೆ. ಯೆಹೂದಿ ದ್ವೇಷ ಅಂದರೇನು ಅನ್ನುವುದಕ್ಕೆ ರಿಯಾಸ್ ಆಧರಿಸುವ ವ್ಯಾಖ್ಯಾನ ತೀರಾ ಅಗಲವಾಯಿತು ಎನ್ನುವ ವಿದ್ವಾಂಸರಿದ್ದಾರೆ. 2021ರಲ್ಲಿ ಅಂಥವರು ಸೇರಿ ಜೆರುಸಲೇಮ್ ಘೋಷಣೆ ಅಂತ ಬೇರೆ ವ್ಯಾಖ್ಯಾನವನ್ನೇ ಹೊರತಂದರು. ಗಾಜಾ ವಿಚಾರದಲ್ಲಿ ಇಸ್ರೇಲ್ ಸರ್ಕಾರವನ್ನು ಟೀಕಿಸುವ ಹಕ್ಕು ಎಲ್ಲರಿಗೂ ಇದೆ, ನಾನೂ ಟೀಕಿಸುತ್ತೇನೆ. ಅದಕ್ಕೆ ಬರ್ಲಿನ್ನಿನ ಒಬ್ಬ ಅಜ್ಜಿ ಉತ್ತರ ಕೊಡಬೇಕಾ?

ಸಣ್ಣ ಮಾತು, ಬಿಟ್ಟುಬಿಡಿ ಅನ್ನುವವರು ಒಮ್ಮೆ ಬರ್ಲಿನ್ನಿನ ಬಯೆರಿಶರ್ ಪ್ಲಾಟ್ಸ್ ಚೌಕದ ಸುತ್ತ ನಡೆದುನೋಡಿ. ಐನ್‌ಸ್ಟೈನ್ ಇದ್ದ ಬಡಾವಣೆ ಅದು. 1993ರಿಂದ ಅಲ್ಲಿನ ದೀಪದ ಕಂಬಗಳ ಮೇಲೆ 80 ಫಲಕಗಳಿವೆ. ಒಂದು ಕಡೆ ಚಿತ್ರ, ಇನ್ನೊಂದು ಕಡೆ ನಾಜಿ ಕಾಲದ ನಿಯಮ. 1933ರಲ್ಲಿ ಯೆಹೂದಿಗಳನ್ನು ಹಾಡುಗಾರರ ಸಂಘಗಳಿಂದ ತೆಗೆದುಹಾಕಿದರು. ಪಾರ್ಕಿನಲ್ಲಿ ಹಳದಿ ಗುರುತಿನ ಬೆಂಚು ಬಿಟ್ಟು ಬೇರೆ ಕಡೆ ಕೂರಬಾರದು. 1942ರ ಹೊತ್ತಿಗೆ ಮೊಟ್ಟೆ ಇಲ್ಲ, ಬೆಕ್ಕು ಸಾಕುವ ಹಾಗಿಲ್ಲ. ಅಕ್ಕಪಕ್ಕದ ಮನೆಯವರ ಕಣ್ಣೆದುರೇ ನಡೆದದ್ದು ಇದೆಲ್ಲ.

ನಮ್ಮವರಿಗೂ ಒಂದು ಮಾತು ಹೇಳಬೇಕು. 2012ರಲ್ಲಿ ಅಹಮದಾಬಾದಿನ ಒಂದು ಬಟ್ಟೆ ಅಂಗಡಿಗೆ 'ಹಿಟ್ಲರ್' ಅಂತ ಹೆಸರಿಟ್ಟು, ಗಲಾಟೆಯಾದ ಮೇಲೆ ಬದಲಾಯಿಸಿದ್ದರು. ಆ ಸಲಿಗೆಯನ್ನು ನಮ್ಮ ಜನ ಇಲ್ಲಿಗೂ ಹೊತ್ತು ತರುತ್ತಾರೆ. ಕನ್ನಡದವರ ಒಂದು ಊಟದಲ್ಲಿ ಒಬ್ಬರು, 'ಏನೇ ಹೇಳಿ, ಹಿಟ್ಲರ್ ಶಿಸ್ತು ತಂದ' ಅಂದರು. 'ಅಣ್ಣಾ, ಅರವತ್ತು ಲಕ್ಷ ಯೆಹೂದಿಗಳನ್ನು ಕೊಂದಿದ್ದು ಆ ಶಿಸ್ತೇ' ಅಂದೆ. ಊಟ ಮುಗಿಯುವವರೆಗೂ ಅವರು ನನ್ನ ಜೊತೆ ಮಾತಾಡಲಿಲ್ಲ. ಬೇಜಾರಿಲ್ಲ, ಇನ್ನೊಂದು ಸಲ ಹಾಗಂದರೂ ನಾನು ಇದನ್ನೇ ಹೇಳುತ್ತೇನೆ.

ಬಳಸುವವರಿಗೆ ಇಷ್ಟು ತಿಳಿದಿರಲಿ. ಹೊಡೆದಾಟ ಆಗುವ ಹಾಗಿದ್ದರೆ ಮೊದಲು ಪೊಲೀಸರ 110ಕ್ಕೆ ಫೋನ್ ಮಾಡಿ, ರಿಯಾಸ್ ಆಮೇಲೆ. ಸ್ಟೇಷನ್ ಹೆಸರು, ಸಮಯ, ಆಡಿದ ಮಾತು ಆಗಲೇ ಫೋನಿನಲ್ಲಿ ಬರೆದುಕೊಳ್ಳಿ, ಮನೆಗೆ ಹೋಗುವಷ್ಟರಲ್ಲಿ ಮರೆತುಹೋಗುತ್ತದೆ. ಬೈಸಿಕೊಂಡವರ ವಿಡಿಯೋ ಮಾಡಬೇಡಿ. ಅವರ ಪಕ್ಕ ಹೋಗಿ ಕೂತುಕೊಳ್ಳಿ, ತಿಳಿಸಲಾ ಅಂತ ಅವರನ್ನೇ ಕೇಳಿ.