ರಾಪ್ಟರ್ 700ಕ್ಕೆ 45 ಮಿ.ಮೀ. ವೀಲ್ ಸ್ಪೇಸರ್: ಗುಡ್ಡೆಗೆ ಸೈ, ತೋಟದ ಗೇಟಿಗೆ ಕಷ್ಟ

ಯಮಹಾ ರಾಪ್ಟರ್ 700 ಎಂಬ ಎಟಿವಿಯ (ಗುಡ್ಡಗಾಡಿನಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕಿನ) ನಾಲ್ಕೂ ಚಕ್ರಕ್ಕೆ ಹಾಕಿದ 45 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಸ್ಪೇಸರ್ ಸೆಟ್ಟಿನ ಬಗ್ಗೆ ಈ ವಿಮರ್ಶೆ. ಸ್ಪೇಸರ್ ಎಂದರೆ ಹಬ್ಬಿಗೂ ರಿಮ್ಮಿಗೂ ನಡುವೆ ಕೂತು ಚಕ್ರವನ್ನು ಹೊರಕ್ಕೆ ಸರಿಸುವ ದಪ್ಪ ಬಿಲ್ಲೆ; ಅದನ್ನು ಹಬ್ಬಿಗೆ ನಟ್ಟಿನಿಂದ ಬಿಗಿದು, ಅದರದ್ದೇ ಸ್ಟಡ್ಡಿಗೆ ರಿಮ್ ಕೂರಿಸುತ್ತಾರೆ. ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆಯ ಮುರಕಲ್ಲಿನ ಗುಡ್ಡೆ, ಅಡಿಕೆ ತೋಟದ ದಾರಿ, ಮಳೆಗಾಲದ ಕೆಸರು ಎಲ್ಲವನ್ನೂ ಕಂಡ ಸೆಟ್ಟು ಇದು. ಅಡ್ಡ ಇಳಿಜಾರಿನಲ್ಲಿ ಗಾಡಿ ನೆಲ ಕಚ್ಚಿ ನಿಲ್ಲುತ್ತದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ತೋಟದ ಗೇಟು ಅಳೆಯದೆ ಕೊಳ್ಳಬೇಡಿ.

ಕಂಪೆನಿಯಿಂದ ಬರುವಾಗ ಗಾಡಿಯ ಒಟ್ಟು ಅಗಲ 46 ಇಂಚು. ಎರಡು ಬದಿ ಸೇರಿ 90 ಮಿ.ಮೀ., ಅಂದರೆ ಮೂರೂವರೆ ಇಂಚು ಕೂಡಿದರೆ 49.5. ಹಿಂದಿನ ಟೈರು 10 ಇಂಚು ಅಗಲದ್ದು. ಹಾಗಾಗಿ ಟೈರಿನ ನಡುವಿನಿಂದ ನಡುವಿಗೆ 36 ಇದ್ದದ್ದು 39.5 ಆಗುತ್ತದೆ, ಸುಮಾರು ಶೇ. 10 ಹೆಚ್ಚು. ಗಾಡಿ ಮಗುಚುವುದು ಈ ಅಗಲಕ್ಕೂ ಭಾರಕೇಂದ್ರದ ಎತ್ತರಕ್ಕೂ ಇರುವ ಅನುಪಾತವನ್ನು ನೋಡಿಕೊಂಡು. ಎತ್ತರ ಹಾಗೆಯೇ ಇದ್ದು ಅಗಲ ಬೆಳೆದರೆ ತಿರುವಿನಲ್ಲಿ ಒಳಬದಿಯ ಚಕ್ರ ಅಷ್ಟು ಬೇಗ ಏಳುವುದಿಲ್ಲ. ಮೋಟೊಕ್ರಾಸ್ ಎಟಿವಿಗಳನ್ನು 50 ಇಂಚಿನ ಆಸುಪಾಸಿಗೆ ಅಗಲಿಸುವುದು ಇದಕ್ಕೇ. ಮರಗಳ ನಡುವೆ ಓಡಿಸುವವರು ಅಷ್ಟಕ್ಕೆ ಹೋಗುವುದಿಲ್ಲ.

ಸಾಲಿನಿಂದ ಸಾಲಿಗೆ 2.7 ಮೀಟರ್ ಬಿಟ್ಟು ನೆಟ್ಟ ತೋಟದಲ್ಲಿ ಅಡಿಕೆ ಮರ ಅಡ್ಡಿಯಾಗದು. ತಕರಾರು ಇರುವುದು 4 ಅಡಿ ಗೇಟಿನಲ್ಲಿ, ಕಣಿಗೆ ಅಡ್ಡ ಹಾಕಿದ ಸಂಕದಲ್ಲಿ. ನಾಲ್ಕು ಅಡಿ ಎಂದರೆ 48 ಇಂಚು. ಹಳೆಯ ಅಗಲ ನುಸುಳುತ್ತಿತ್ತು, ಹೊಸದು ನುಸುಳದು. ಸ್ಪೇಸರ್ ಬಿಟ್ಟು ಮುಂದಿನ 4+1 ಆಫ್‌ಸೆಟ್ ರಿಮ್ಮನ್ನು (ಒಳಕ್ಕೆ 4 ಇಂಚು, ಹೊರಕ್ಕೆ 1) 3+2ಕ್ಕೆ ಬದಲಿಸಿದರೂ ಬದಿಗೊಂದು ಇಂಚಿನಂತೆ 48 ಆಗಿ ಕಂಬ ಉಜ್ಜುತ್ತದೆ. ಅಂಥ ಗೇಟು ಇದ್ದವರು ಮೊದಲು ಗೇಟಿನ ಕಂಬ ಸರಿಸುವ ಖರ್ಚು ಲೆಕ್ಕ ಹಾಕಲಿ.

ಕೊಳ್ಳುವಾಗ ಬೋಲ್ಟಿನ ಅಳತೆ ನೋಡಿ. ಇದರ ಮುಂದಿನ ಹಬ್ಬು 4/144 (144 ಮಿ.ಮೀ. ವ್ಯಾಸದ ವೃತ್ತದಲ್ಲಿ 4 ಬೋಲ್ಟು), ಹಿಂದಿನದು 4/115. ಹೋಂಡಾ ಟಿಆರ್‌ಎಕ್ಸ್ 450ಆರ್ ಗಾಡಿಯ ಹಿಂಬದಿ 4/110; ಕಣ್ಣಿಗೆ ಎರಡೂ ಒಂದೇ ಥರ ಕಂಡರೂ ಕೂರುವುದಿಲ್ಲ. ಸ್ಟಡ್ 10 ಮಿ.ಮೀ. ದಪ್ಪ, ಎಳೆಯಿಂದ ಎಳೆಗೆ 1.25 ಮಿ.ಮೀ. 6061-ಟಿ6 ಬಿಲೆಟ್ (ಗಟ್ಟಿ ಅಲ್ಯೂಮಿನಿಯಂ ತುಂಡಿನಿಂದ ಕಡೆದದ್ದು) ಎಂದು ಬರೆದದ್ದನ್ನೇ ಆರಿಸಿ, ಎರಕದ್ದು ಬೇಡ. ತೆಳ್ಳನೆಯ ಸ್ಪೇಸರ್ ಆದರೆ ಹಳೆಯ ಸ್ಟಡ್ಡಿನ ತುದಿ ಅದರ ಮುಖದಿಂದ ಹೊರಗೆ ಚಾಚಿ ರಿಮ್ಮಿಗೆ ತಾಗುತ್ತದೆ. 45ರಲ್ಲಿ ಆ ಕಾಟವಿಲ್ಲ.

ಜೋಡಿಸುವ ಕೆಲಸದಲ್ಲಿ ನಿಜವಾಗಿ ಮುಖ್ಯವಾದದ್ದು ಹಬ್ಬಿನ ಮುಖ ತಿಕ್ಕಿ ತೊಳೆಯುವುದು. ಮುರಕಲ್ಲಿನ ಒಂದು ಚೂರು ಅಲ್ಲಿ ಸಿಕ್ಕಿಕೊಂಡರೂ ಸ್ಪೇಸರ್ ಸಮತಟ್ಟಾಗಿ ಕೂರುವುದಿಲ್ಲ. ಆಮೇಲೆ ಆ ಚೂರು ಪುಡಿಯಾಗುತ್ತದೆ, ನಟ್ಟು ತಾನಾಗಿ ಸಡಿಲವಾಗುತ್ತದೆ. ಸ್ಪೇಸರ್ ನಟ್ಟಿನ ಎಳೆಗೆ, ನಟ್ಟು ಸಡಿಲವಾಗದಂತೆ ಹಿಡಿಯುವ ಅಂಟಾದ ನೀಲಿ ಲಾಕ್‌ಟೈಟ್ ಒಂದು ಹನಿ ಹಾಕಿ, ಎದುರುಬದುರು ಕ್ರಮದಲ್ಲಿ ಟಾರ್ಕ್ ರೆಂಚಿನಿಂದ 45 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ರಿಮ್ ಕೂರಿಸಿದರೆ ಒಳಗಿನ ನಟ್ಟು ಮುಚ್ಚಿಹೋಗುತ್ತದೆ. ಮೊದಲ ಓಟದ ನಂತರ ಚಕ್ರ ಬಿಚ್ಚಿ ಅದನ್ನು ಇನ್ನೊಮ್ಮೆ ನೋಡಲೇಬೇಕು. ಹೆಚ್ಚಿನವರು ಹೊರಗಿನ ನಾಲ್ಕು ನಟ್ಟು ತಿರುಗಿಸಿ ನೋಡಿ ಸುಮ್ಮನಾಗುತ್ತಾರೆ, ಕಳಚಿ ಬರುವುದು ಒಳಗಿನದ್ದು.

ಬೇಕಲದ ಕಡಲ ಬದಿಗೆ ಒಯ್ಯುವವರಿಗೆ ಉಪ್ಪಿನದ್ದೇ ದೊಡ್ಡ ಕಾಟ. ಉಕ್ಕಿನ ಹಬ್ಬಿಗೆ ಅಲ್ಯೂಮಿನಿಯಂ ತಾಗಿರುವ ಕಡೆ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಬೆಳ್ಳಗೆ ಹೂತು ಕಚ್ಚಿಕೊಳ್ಳುತ್ತದೆ, ಆಮೇಲೆ ಸುತ್ತಿಗೆ ಇಲ್ಲದೆ ಬಿಚ್ಚಲಾಗದು. ಎರಡು ಮುಖಗಳ ನಡುವೆ ಆಂಟಿಸೀಜ್ (ಲೋಹ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟು) ತೆಳುವಾಗಿ ಸವರಿ. ಸ್ಟಡ್ಡಿನ ಎಳೆಗೆ ಮಾತ್ರ ಸವರಬೇಡಿ. ಎಳೆ ಜಾರುವುದರಿಂದ ಅದೇ ಟಾರ್ಕಿಗೆ ಸ್ಟಡ್ ಅತಿಯಾಗಿ ಎಳೆಯಲ್ಪಡುತ್ತದೆ.

ದುಡ್ಡು ಉಳಿಸಲು ಹಿಂದಕ್ಕೆ ಮಾತ್ರ ಹಾಕುವವರಿದ್ದಾರೆ. ಈ ಗಾಡಿಯ ಹಿಂದಿನ ಆಕ್ಸಲ್ ಒಂದೇ ಸರಳು, ಡಿಫರೆನ್ಷಿಯಲ್ ಇಲ್ಲ. ಎರಡು ಚಕ್ರವೂ ಒಂದೇ ವೇಗದಲ್ಲಿ ತಿರುಗುತ್ತವೆ. ಹಿಂಬದಿ ಅಗಲವಾದಷ್ಟೂ ಒಳಚಕ್ರ ನೆಲ ಬಿಡದೆ ಗಾಡಿಯನ್ನು ನೇರಕ್ಕೇ ತಳ್ಳುತ್ತದೆ. ಮುಂದೆಯೂ ಹಾಕಿದರೆ ತಿರುವು ಸರಿಹೋಗುತ್ತದೆ. ಆದರೆ ಅದಕ್ಕೂ ಬೆಲೆ ಇದೆ: ಟೈರಿನ ನಡುಗೆರೆ ಹ್ಯಾಂಡಲ್ ತಿರುಗಿಸಿದಾಗ ಚಕ್ರ ಹೊರಳುವ ಅಚ್ಚಿನಿಂದ ದೂರ ಸರಿಯುವುದರಿಂದ ಒಂದು ಬದಿಯ ಚಕ್ರ ಕಲ್ಲಿಗೆ ಬಡಿದರೆ ಪೆಟ್ಟು ನೇರ ಕೈಗೆ ಬರುತ್ತದೆ. ಸ್ಪ್ರಿಂಗೂ ಮೊದಲಿಗಿಂತ ಮೆತ್ತಗಾದಂತೆ ಅನಿಸುತ್ತದೆ. ಪ್ರಿಲೋಡನ್ನು, ಅಂದರೆ ಸ್ಪ್ರಿಂಗಿನ ಮೊದಲ ಬಿಗಿಯನ್ನು, ಒಂದೆರಡು ಹಂತ ಏರಿಸಿ. ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿದ ಕೋನ) ಹೊಂದಿಸುವ ಕೆಲಸವಿಲ್ಲ, ಸ್ಪೇಸರಿನಿಂದ ಅದು ಬದಲಾಗದು. ಕೈಗೆ ಪೆಟ್ಟು ಬೇಡ ಎನ್ನುವವರಿಗೆ ಉದ್ದದ ಎ-ಆರ್ಮ್ (ಮುಂದಿನ ಚಕ್ರವನ್ನು ಚಾಸಿಗೆ ಹಿಡಿಯುವ ತೋಳು) ಒಳ್ಳೆಯದು. ಆಗ ಟೈ ರಾಡ್, ಬ್ರೇಕ್ ಹೋಸ್, ಶಾಕ್ ಎಲ್ಲವೂ ಜತೆಗೆ ಬರಬೇಕು, ಟೋ ಕೂಡ ಹೊಸದಾಗಿ ಹೊಂದಿಸಬೇಕು.

ಬೇರಿಂಗಿನ ಮೇಲೆ ಭಾರ ಹೆಚ್ಚುವುದಂತೂ ಖಂಡಿತ. ಎಣ್ಣೆ ಬದಲಿಸುವಾಗಲೆಲ್ಲ ಜಾಕಿ ಏರಿಸಿ, ಚಕ್ರದ ಮೇಲಂಚು ಕೆಳಂಚು ಹಿಡಿದು ಅಲುಗಿಸಿ ನೋಡಿ. ಕಟಕಟ ಎಂದರೆ ಬೇರಿಂಗೋ ಬಾಲ್ ಜಾಯಿಂಟೋ ಹೋಗಿದೆ. ಟೈರು ಮಡ್‌ಗಾರ್ಡಿನಿಂದ ಹೊರಗೆ ಬರುವುದರಿಂದ ಜೂನ್ ತಿಂಗಳ ಕೆಂಪು ಕೆಸರು ಸೀದಾ ಮುಖಕ್ಕೆ ಹಾರುತ್ತದೆ. ಹಳೇ ಟ್ಯೂಬು ಕತ್ತರಿಸಿ ಮಡ್‌ಗಾರ್ಡಿನ ಅಂಚಿಗೆ ನಾಲ್ಕು ಇಂಚಿನ ಪಟ್ಟಿ ಬಿಗಿದರೆ ಅರ್ಧಕ್ಕರ್ಧ ತಡೆಯುತ್ತದೆ. ಉಳಿದರ್ಧಕ್ಕೆ ಗಾಗಲ್ಸ್.