ಎಂಟು ಗಂಟೆ ಇದೆಯಲ್ಲಾ ಅಂತ ಊರು ನೋಡಲು ಹೋದೆವು, ವಿಮಾನ ತಪ್ಪಿತು

ಕೌಲಾಲಂಪುರದಲ್ಲಿ ವಿಮಾನ ಬದಲಿಸಿ ಆಸ್ಟ್ರೇಲಿಯಾಕ್ಕೆ ಹೋಗುವವರು ದಯವಿಟ್ಟು ಇದನ್ನು ಓದಿ. 2023ರ ಡಿಸೆಂಬರ್‌ನಿಂದ ನಮ್ಮವರಿಗೆ ಮಲೇಷ್ಯಾ ವೀಸಾ ಬೇಡ ಅಂತಾದ ಮೇಲೆ ಎಲ್ಲರದೂ ಒಂದೇ ಉಪದೇಶ. "ಸುಮ್ನೆ ಏರ್‌ಪೋರ್ಟಲ್ಲಿ ಕೂತು ಏನ್ಮಾಡ್ತೀರಾ, ಊರು ನೋಡ್ಕೊಂಡು ಹೋಗಿ." ನಾನೂ ಆ ಮಾತು ಕೇಳಿದೆ. 2024ರಲ್ಲಿ ಅಮ್ಮನನ್ನು ಮೆಲ್ಬರ್ನ್‌ನಲ್ಲಿರುವ ಅಣ್ಣನ ಮನೆಗೆ ಕರೆದುಕೊಂಡು ಹೋಗುವಾಗ, ನಡುವೆ ಹೆಚ್ಚುಕಮ್ಮಿ ಎಂಟೂವರೆ ಗಂಟೆ ಬಿಡುವಿತ್ತು. ಬಟು ಕೇವ್ಸ್ ಅನ್ನುವ ಗುಹೆ ದೇವಸ್ಥಾನದ ಸುಬ್ರಹ್ಮಣ್ಯನನ್ನು ತೋರಿಸಿಬಿಡೋಣ ಅಂದುಕೊಂಡೆ. ಅಮ್ಮನಿಗೂ ಖುಷಿ. "ಕುಕ್ಕೆಗೆ ಹೋಗಿ ಎಷ್ಟು ವರ್ಷ ಆಯ್ತೋ, ಇಲ್ಲಾದರೂ ಕೈ ಮುಗೀತೀನಿ" ಅಂದರು.

ಬೆಂಗಳೂರಿಂದ ಹೋಗಿ ಇಳಿದದ್ದು ಬೆಳಿಗ್ಗೆ 6:50ಕ್ಕೆ. ಮುಂದಿನ ವಿಮಾನ ಮಧ್ಯಾಹ್ನ 3:15ಕ್ಕೆ. ಎರಡೂ ಬೋರ್ಡಿಂಗ್ ಪಾಸ್ ಕೈಯಲ್ಲಿತ್ತು, ದೊಡ್ಡ ಬ್ಯಾಗುಗಳು ನೇರ ಮೆಲ್ಬರ್ನ್‌ಗೆ.

ಮೊದಲ ಪೆಟ್ಟು ಏರ್‌ಪೋರ್ಟಲ್ಲೇ ಬಿತ್ತು. ನಮ್ಮ ವಿಮಾನ ನಿಂತದ್ದು ಸ್ಯಾಟಲೈಟ್ ಕಟ್ಟಡದಲ್ಲಿ. ಅಲ್ಲಿಂದ ಮುಖ್ಯ ಕಟ್ಟಡಕ್ಕೆ ಹೋಗುವ ಏರೋಟ್ರೈನ್ 2023ರ ಮಾರ್ಚ್‌ನಿಂದ ನಿಂತಿತ್ತು (2025ರ ಜುಲೈಯಲ್ಲಿ ಮತ್ತೆ ಶುರುವಾಗಿದೆ). ಹಾಗಾಗಿ ಬಸ್ಸು. ಬಸ್ಸಿಗೂ ಸಾಲು. ಆಮೇಲೆ ಇಮಿಗ್ರೇಷನ್. ಮಲೇಷ್ಯಾದೊಳಗೆ ಕಾಲಿಡುವ ಮುಂಚಿನ ಮೂರು ದಿನದೊಳಗೆ ಆನ್‌ಲೈನಲ್ಲಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಅಮ್ಮನದನ್ನು ನೆನಪಿಟ್ಟು ತುಂಬಿದ್ದೆ. ನನ್ನದನ್ನೇ ಮರೆತಿದ್ದೆ! ಗೋಡೆಗೆ ಒರಗಿ, ಬಂದು ಹೋಗುವ ವೈಫೈಯಲ್ಲಿ ಅದನ್ನು ತುಂಬಿ, ಮತ್ತೆ ಸಾಲಿನ ಕೊನೆಗೆ ನಿಂತೆವು. ಹೊರಗೆ ಬಂದಾಗ 9 ಗಂಟೆ.

ಏರ್‌ಪೋರ್ಟಿನಿಂದ ಊರು ಐವತ್ತು ಕಿಲೋಮೀಟರಿಗಿಂತ ದೂರ. ನಮ್ಮ ದೇವನಹಳ್ಳಿಯೇ ಹತ್ತಿರ ಅನ್ನಿಸಬೇಕು. ಎಕ್ಸ್‌ಪ್ರೆಸ್ ರೈಲಿಗೆ ಒಬ್ಬರಿಗೆ ಒಂದು ಕಡೆಗೆ ಆಗ 55 ರಿಂಗಿಟ್, ಅಂದರೆ ಸುಮಾರು ಸಾವಿರ ರೂಪಾಯಿ. 28 ನಿಮಿಷಕ್ಕೆ ಊರಿನ ದೊಡ್ಡ ಸ್ಟೇಷನ್ ಕೆಎಲ್ ಸೆಂಟ್ರಲ್ ತಲುಪಿಸುತ್ತದೆ, ಅದರ ಬಗ್ಗೆ ದೂರಿಲ್ಲ. ಆ ಸ್ಟೇಷನ್ನಿನಲ್ಲಿ ಲಾಕರ್ ಕಂಡಿತು. ಕೈಬ್ಯಾಗುಗಳನ್ನು ಯಾಕೆ ಹೊರಬೇಕು ಅಂತ ಅದರಲ್ಲಿಟ್ಟು ಬೀಗ ಹಾಕಿದೆ. ಅಮ್ಮನ ಬಿಪಿ, ಶುಗರ್ ಮಾತ್ರೆ ಅದರಲ್ಲೇ ಇತ್ತು. ದಯವಿಟ್ಟು ಈ ಲಾಕರನ್ನು ನೆನಪಿಟ್ಟುಕೊಳ್ಳಿ.

ಅಲ್ಲಿಂದ ಲೋಕಲ್ ರೈಲು ಹಿಡಿದು ಬಟು ಕೇವ್ಸ್ ತಲುಪಿದಾಗ 11 ಗಂಟೆ. ಸ್ಟೇಷನ್ನಿನಿಂದ ಹೊರಬಂದರೆ ಗುಹೆ ಪಕ್ಕದಲ್ಲೇ. 42.7 ಮೀಟರ್ ಎತ್ತರದ ಚಿನ್ನದ ಬಣ್ಣದ ಮುರುಗನ್, ಪಕ್ಕದಲ್ಲಿ ಬಣ್ಣಬಣ್ಣದ 272 ಮೆಟ್ಟಿಲು. ಸುಳ್ಳು ಯಾಕೆ ಹೇಳಲಿ, ನೋಡಿದ ಕೂಡಲೇ ಮೈ ಜುಮ್ ಅಂತು. ಅಮ್ಮನ ಮಂಡಿ ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ, ಹತ್ತುತ್ತೀನಿ ಅಂದರು. ಇಪ್ಪತ್ತು ಮೆಟ್ಟಿಲಿಗೊಮ್ಮೆ ಕೂತು, ಕೋತಿಗಳಿಂದ ಹೂವಿನ ಪೊಟ್ಟಣ ಕಾಪಾಡಿಕೊಂಡು ಹತ್ತಿದೆವು. ಇಳಿಯುವುದು ಹತ್ತುವುದಕ್ಕಿಂತ ನಿಧಾನ. ಕೆಳಗೆ ಬಾಳೆಲೆ ಊಟ ಸಿಕ್ಕಿತು. "ರಸಂ ನಮ್ಮನೆ ತರಾನೇ ಇದೆ ಕಣೇ" ಅಂತ ಅಮ್ಮ ಎರಡನೇ ಸಲ ಹಾಕಿಸಿಕೊಂಡರು. ನಾನು ಗಡಿಯಾರ ನೋಡಿದಾಗ 1:05.

ಈಗ ಲೆಕ್ಕ ಕೇಳಿ. ನಾನು ಆಮೇಲೆ ಹಾಕಿದ ಲೆಕ್ಕ ಇದು, ಹೋಗುವ ಮುಂಚೆ ಹಾಕಬೇಕಿತ್ತು. ವಿಮಾನ 3:15ಕ್ಕಾದರೆ ಗೇಟು ಅದಕ್ಕೆ 20 ನಿಮಿಷ ಮುಂಚೆ ಮುಚ್ಚುತ್ತದೆ. ಅದಕ್ಕೂ ಮುಂಚೆ ಇಮಿಗ್ರೇಷನ್, ಸೆಕ್ಯುರಿಟಿ, ಸ್ಯಾಟಲೈಟಿಗೆ ಬಸ್ಸು. ಇದಕ್ಕೆಲ್ಲ ಒಂದೂವರೆ ಗಂಟೆ ಇಟ್ಟುಕೊಂಡರೆ 1:25ಕ್ಕೆ ಏರ್‌ಪೋರ್ಟಲ್ಲಿರಬೇಕು. ಹಾಗಾದರೆ ಕೆಎಲ್ ಸೆಂಟ್ರಲ್ ಬಿಡಬೇಕಾದ್ದು 12:40ಕ್ಕೆ. ಲಾಕರ್ ತೆಗೆದು ಪ್ಲಾಟ್‌ಫಾರಂ ಹುಡುಕುವುದು, ಲೋಕಲ್ ರೈಲಿಗೆ ಕಾಯುವುದು ಎಲ್ಲಾ ಸೇರಿಸಿದರೆ, ಬಟು ಕೇವ್ಸ್ ಬಿಡಬೇಕಾಗಿದ್ದದ್ದು ಹೆಚ್ಚುಕಮ್ಮಿ 11:15ಕ್ಕೆ. ನಾವು ಅಲ್ಲಿಗೆ ಹೋಗಿ ಮುಟ್ಟಿದ್ದೇ 11ಕ್ಕೆ!

ರೈಲು ಆಗಷ್ಟೇ ಹೋಗಿತ್ತು, ಮುಂದಿನದಕ್ಕೆ ಮುಕ್ಕಾಲು ಗಂಟೆ. ಮೊಬೈಲಲ್ಲಿ ಟ್ಯಾಕ್ಸಿ ಕರೆದೆ. ಅವತ್ತು ಶುಕ್ರವಾರ. ಮಧ್ಯಾಹ್ನ ಒಂದರಿಂದ ಎರಡೂವರೆಯವರೆಗೆ ಊರೆಲ್ಲ ನಮಾಜಿಗೆ ಹೊರಡುತ್ತದೆ ಅನ್ನುವುದು ನನ್ನ ತಲೆಗೇ ಬಂದಿರಲಿಲ್ಲ. ಇಬ್ಬರು ಡ್ರೈವರ್‌ಗಳು ಒಪ್ಪಿ ಬಿಟ್ಟುಬಿಟ್ಟರು. ಮೂರನೆಯವನು ಬಂದ. ಮಸೀದಿಗಳ ಹತ್ತಿರ ರಸ್ತೆಯ ಎರಡೂ ಬದಿ ಕಾರು. "ನೇರ ಏರ್‌ಪೋರ್ಟಿಗೇ ಬಿಡಲಾ?" ಅಂತ ಅವನೇ ಕೇಳಿದ. ಬಿಡಬಹುದಿತ್ತು. ಆದರೆ ಮಾತ್ರೆ ಲಾಕರಿನಲ್ಲಿತ್ತಲ್ಲ.

ಕೈಬ್ಯಾಗು ತೆಗೆದುಕೊಂಡು ರೈಲು ಹತ್ತಿದಾಗ 2:25. ಗೇಟಿಗೆ ಓಡಿದಾಗ 3:20. ಅಮ್ಮ ಹಿಂದೆ, ಒಂದು ಕೈಯಲ್ಲಿ ಸೀರೆ ನೆರಿಗೆ, ಇನ್ನೊಂದರಲ್ಲಿ ಚಪ್ಪಲಿ. ವಿಮಾನ ಇನ್ನೂ ಗಾಜಿನ ಆಚೆ ನಿಂತಿತ್ತು. ಬಾಗಿಲು ಮಾತ್ರ ಮುಚ್ಚಿತ್ತು. ಕೆಳಗೆ ಒಬ್ಬ ಸರಕಿನ ಕಡೆಯಿಂದ ಎರಡು ಸೂಟ್‌ಕೇಸ್ ಇಳಿಸುತ್ತಿದ್ದ. ಹತ್ತದವರ ಬ್ಯಾಗು ವಿಮಾನದಲ್ಲಿ ಹೋಗುವ ಹಾಗಿಲ್ಲ. ಅದರಲ್ಲಿ ಒಂದರ ಹಿಡಿಗೆ ಹಳೇ ಸೀರೆಯ ಕೆಂಪು ಅಂಚು ಕಟ್ಟಿತ್ತು. "ಅದು ನಮ್ಮದಲ್ವೇನೇ?" ಅಂದರು ಅಮ್ಮ.

ಹೌದಮ್ಮ ಅಂದೆ, ಇನ್ನೇನು ಹೇಳುವುದು.

ಎರಡೂ ಒಂದೇ ಟಿಕೆಟ್ಟಿನಲ್ಲಿದ್ದು, ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದರೆ ಕಂಪನಿಯವರೇ ಬೇರೆ ಸೀಟು ಕೊಡುತ್ತಾರೆ. ನಾವಾಗಿ ಹೊರಗೆ ಹೋಗಿ ತಪ್ಪಿಸಿಕೊಂಡರೆ ಅದು ನಮ್ಮ ತಲೆಗೇ. ಇನ್ನೊಂದು ಭಯ ಕೌಂಟರಿನಲ್ಲಿ ಗೊತ್ತಾಯಿತು. ಹೇಳದೆ ಕೇಳದೆ ಒಂದು ವಿಮಾನ ಬಿಟ್ಟರೆ ಅದೇ ಟಿಕೆಟ್ಟಿನ ವಾಪಸು ಪ್ರಯಾಣವೂ ರದ್ದಾಗಬಹುದಂತೆ. ಕೈಕಾಲು ಹಿಡಿದು ಅದನ್ನು ಉಳಿಸಿಕೊಂಡೆವು. ದಂಡ, ದರದ ವ್ಯತ್ಯಾಸ, ಒಂದು ರಾತ್ರಿಯ ಹೋಟೆಲು ಸೇರಿ ಇಬ್ಬರಿಗೆ 58 ಸಾವಿರ ರೂಪಾಯಿ ಹೋಯಿತು. ಟ್ರಾವೆಲ್ ಇನ್ಶೂರೆನ್ಸ್‌ನವರು ಕಾಸೂ ಕೊಡಲಿಲ್ಲ. ಪಾಲಿಸಿ ತೆಗೆದು ಓದಿದರೆ ಅವರು ಹೇಳಿದ್ದೇ ಸರಿ.

ಹೊರಗೆ ಹೋಗಲೇಬೇಕು ಅನ್ನುವವರಿಗೆ ಪುತ್ರಜಯ ಇದೆ. ಏರ್‌ಪೋರ್ಟಿನಿಂದ ಟ್ರಾನ್ಸಿಟ್ ರೈಲಿನಲ್ಲಿ ಇಪ್ಪತ್ತು ನಿಮಿಷದ ಹಾದಿ. ಕೆರೆ ದಡದಲ್ಲಿ ಗುಲಾಬಿ ಬಣ್ಣದ ಮಸೀದಿ ನೋಡಿ ಬರಬಹುದು. ವಯಸ್ಸಾದವರು ಜೊತೆಗಿದ್ದರೆ ಅದೂ ಬೇಡ. ಸ್ಯಾಟಲೈಟ್ ಕಟ್ಟಡದ ನಟ್ಟನಡುವೆ ನಿಜವಾದ ಮರಗಳ ಪುಟ್ಟ ಕಾಡೇ ಇದೆ, ಅದರೊಳಗೆ ಓಡಾಡಬಹುದು.

ವಾಪಸು ಬರುವಾಗ ಅಲ್ಲೇ ಐದು ಗಂಟೆ ಕಾಯುವುದಿತ್ತು. ಆ ಕಾಡು ತೋರಿಸುತ್ತೀನಿ ಬನ್ನಿ ಅಂದೆ, ಗೇಟಿನಿಂದ ನೂರು ಹೆಜ್ಜೆ ಅಷ್ಟೇ. ಅಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. "ನೀನು ಹೋಗಿ ಬಾ, ಫೋನಲ್ಲಿ ಫೋಟೊ ತೋರಿಸು" ಅಂದರು.