ಸಹಿ ನಿಮ್ಮದು, ಲಾಗಿನ್ ಏಜೆಂಟರದ್ದು: ಕೆನಡಾ ಪಿಆರ್ ಅರ್ಜಿ ಹೀಗೆ ಕೆಡುತ್ತದೆ

ಅಂಕದ ಮೇಲೆ ನುರಿತ ಕೆಲಸಗಾರರನ್ನು ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಕೆನಡಾ ಪಿಆರ್‌ಗೆ, ಅಂದರೆ ಕಾಯಂ ವಾಸದ ಅನುಮತಿಗೆ, ಅರ್ಜಿ ಹಾಕಿದ್ದ ಒಬ್ಬರ ಮೇಲೆ ಐದು ವರ್ಷದ ನಿರ್ಬಂಧ ಬಿದ್ದಿದೆ. ಅವರಿಗೆ ಅಂಕ ಕಡಿಮೆ ಇರಲಿಲ್ಲ, ಓದು ಮತ್ತು ಕೆಲಸದ ದಾಖಲೆಗಳೂ ಅಸಲಿಯೇ. ಅರ್ಜಿ ತುಂಬುವ ತಲೆನೋವು ಬೇಡವೆಂದು ಏಜೆಂಟರೊಬ್ಬರಿಗೆ ದುಡ್ಡು ಕೊಟ್ಟು ಎಲ್ಲವನ್ನೂ ಬಿಟ್ಟುಕೊಟ್ಟದ್ದೇ ಮುಳುವಾಯಿತು. ಇಂಥ ಪ್ರಕರಣಗಳು ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಕೆಡುತ್ತವೆ. ಹಾಗಾಗಿ ಯಾವ ಹೆಜ್ಜೆಯಲ್ಲಿ ಏನಾಯಿತು ಎಂಬುದನ್ನು ಬಿಡಿಸಿ ನೋಡಬೇಕು.

ಮೊದಲ ತಪ್ಪು ಖಾತೆ ತೆರೆದಾಗಲೇ ಆಗಿತ್ತು. ಏಜೆಂಟರು ಕೆನಡಾದ ವಲಸೆ ಇಲಾಖೆಯಾದ ಐಆರ್‌ಸಿಸಿಯ ಖಾತೆಯನ್ನು ಅರ್ಜಿದಾರರ ಹೆಸರಿನಲ್ಲೇ ತೆರೆದರು, ಆದರೆ ಇಮೇಲ್, ಪಾಸ್‌ವರ್ಡ್, ಭದ್ರತಾ ಪ್ರಶ್ನೆಗಳ ಉತ್ತರ ಎಲ್ಲವೂ ಏಜೆಂಟರವೇ. ಪ್ರತಿನಿಧಿ ಇದ್ದಾರೆಯೇ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಗುರುತು ಹಾಕಿದರು. ಇಂಥವರನ್ನು ಅಲ್ಲಿ ‘ಘೋಸ್ಟ್ ಕನ್ಸಲ್ಟೆಂಟ್’ ಎನ್ನುತ್ತಾರೆ, ಕೆಲಸ ಮಾಡಿದರೂ ಕಾಗದದಲ್ಲಿ ಕಾಣಿಸದವರು. ಕೆನಡಾದ ವಲಸೆ ಕಾಯ್ದೆಯ 91ನೇ ಸೆಕ್ಷನ್ ಪ್ರಕಾರ ಹಣ ಪಡೆದು ಸಲಹೆ ಕೊಡಲು ಅಥವಾ ಪ್ರತಿನಿಧಿಸಲು ಕೆಲವರಿಗೆ ಮಾತ್ರ ಅವಕಾಶ: ಪ್ರಾಂತ್ಯಗಳ ಲಾ ಸೊಸೈಟಿಯ (ವಕೀಲರ ಮಂಡಳಿ) ವಕೀಲರು, ಆಂಟಾರಿಯೊ ಲಾ ಸೊಸೈಟಿಯ ಪ್ಯಾರಾಲೀಗಲ್‌ಗಳು (ವಕೀಲರಲ್ಲದ ಕಾನೂನು ವೃತ್ತಿಪರರು), ಕ್ವಿಬೆಕ್‌ನ ನೋಟರಿಗಳು ಮತ್ತು ಸಿಐಸಿಸಿ ಎಂಬ ವಲಸೆ ಸಲಹೆಗಾರರ ಕಾಲೇಜಿನ ಪರವಾನಗಿ ಇರುವವರು. 2021ರ ನವೆಂಬರ್‌ವರೆಗೆ ಸಲಹೆಗಾರರ ಈ ಪರವಾನಗಿ ಕೊಡುತ್ತಿದ್ದದ್ದು ಐಸಿಸಿಆರ್‌ಸಿ ಎಂಬ ಹಿಂದಿನ ಸಂಸ್ಥೆ. ಇವತ್ತಿಗೂ ಆ ಹಳೆಯ ಹೆಸರಿನ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿಕೊಂಡು ಗಿರಾಕಿ ಹಿಡಿಯುವವರಿದ್ದರೆ ಅನುಮಾನಪಡುವುದೇ ಸರಿ.

ಎರಡನೆಯದು ಹಳೆಯ ನಿರಾಕರಣೆ. ಈ ಅರ್ಜಿದಾರರಿಗೆ ವರ್ಷಗಳ ಹಿಂದೆ ಅಮೆರಿಕದ ಪ್ರವಾಸಿ ವೀಸಾ ಸಿಕ್ಕಿರಲಿಲ್ಲ. ಅರ್ಜಿಯಲ್ಲಿರುವ ಪ್ರಶ್ನೆ ಕೆನಡಾಕ್ಕೆ ಸೀಮಿತವಲ್ಲ, ಯಾವುದೇ ದೇಶ ವೀಸಾ ನಿರಾಕರಿಸಿದ್ದರೂ ಹೇಳಬೇಕು. ‘ಅದೆಲ್ಲ ಯಾಕೆ ಬರೆಯುತ್ತೀರಿ, ಸುಮ್ಮನೆ ಗೊಂದಲ’ ಎಂದು ಏಜೆಂಟರು ‘ಇಲ್ಲ’ ಒತ್ತಿಬಿಟ್ಟರು. ಅಮೆರಿಕ ಮತ್ತು ಕೆನಡಾ ವೀಸಾ ಮಾಹಿತಿ ಹಂಚಿಕೊಳ್ಳುವ ಒಪ್ಪಂದಕ್ಕೆ 2012ರಲ್ಲೇ ಸಹಿ ಹಾಕಿವೆ. ನಿಜ ಹೇಳಿದ್ದರೆ ಆ ನಿರಾಕರಣೆ ಪಿಆರ್‌ಗೆ ಅಡ್ಡಿಯಾಗುತ್ತಲೇ ಇರಲಿಲ್ಲ. ಮುಚ್ಚಿಟ್ಟಿದ್ದರಿಂದ ಅದೇ ಅರ್ಜಿಯ ಕೊರಳಿಗೆ ಕುಣಿಕೆಯಾಯಿತು.

ಮೂರನೆಯದು ಕೆಲಸದ ಪತ್ರ. ಅದು ಕಂಪನಿಯ ಲೆಟರ್‌ಹೆಡ್‌ನಲ್ಲಿರಬೇಕು. ಹುದ್ದೆ, ಅವಧಿ, ವಾರಕ್ಕೆ ಎಷ್ಟು ಗಂಟೆ, ಸಂಬಳ ಮತ್ತು ಭತ್ಯೆ, ಮಾಡಿದ ಕೆಲಸಗಳು, ಸಹಿ ಮಾಡಿದವರ ಹೆಸರು ಮತ್ತು ಸಂಪರ್ಕ ಎಲ್ಲವೂ ಬೇಕು. ಏಜೆಂಟರು ಎನ್‌ಒಸಿ ಪಟ್ಟಿಯಲ್ಲಿದ್ದ (ಉದ್ಯೋಗಗಳನ್ನು ಸಂಖ್ಯೆ ಕೊಟ್ಟು ವಿಂಗಡಿಸಿದ ಕೆನಡಾದ ಪಟ್ಟಿ) ಕೆಲಸದ ವಿವರಣೆಯನ್ನು ಅಕ್ಷರಶಃ ಎತ್ತಿ ಪತ್ರಕ್ಕೆ ಅಂಟಿಸಿ, ಎಚ್‌ಆರ್‌ನಿಂದ ಸಹಿ ಹಾಕಿಸಲು ಹೇಳಿದರು. ಅಧಿಕಾರಿಗಳು ದಿನವೂ ಅದೇ ಪಟ್ಟಿ ನೋಡುವವರು, ನಕಲು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ನಿಜವಾಗಿ ಮಾಡಿದ ಕೆಲಸವೂ ಆಗ ಸುಳ್ಳಿನಂತೆ ಕಾಣುತ್ತದೆ. ಮಾಡಿದ್ದನ್ನು ನಿಮ್ಮದೇ ಮಾತಿನಲ್ಲಿ ಬರೆದು, ಅದು ಎನ್‌ಒಸಿಯ ಮುಖ್ಯ ಕೆಲಸಗಳಲ್ಲಿ ಬಹುಪಾಲಿಗೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಬೇಕು. ಹೊಂದದಿದ್ದರೆ ಬದಲಾಯಿಸಬೇಕಾದದ್ದು ಎನ್‌ಒಸಿ ಸಂಖ್ಯೆಯನ್ನು, ಪತ್ರವನ್ನಲ್ಲ.

ಇಷ್ಟಾದ ಮೇಲೂ ಉಳಿಯುವ ದಾರಿಯೊಂದಿತ್ತು. ಅನುಮಾನ ಬಂದಾಗ ಐಆರ್‌ಸಿಸಿ ನೇರವಾಗಿ ತಿರಸ್ಕರಿಸುವುದಿಲ್ಲ. ‘ಪ್ರೊಸೀಜರಲ್ ಫೇರ್‌ನೆಸ್’ ಪತ್ರ ಕಳಿಸಿ, ಇಷ್ಟು ದಿನದೊಳಗೆ ವಿವರಣೆ ಕೊಡಿ ಎಂದು ಕೇಳುತ್ತದೆ. ಆ ಪತ್ರ ಬಂದದ್ದು ಏಜೆಂಟರ ಇಮೇಲ್‌ಗೆ. ಅವರು ಅದನ್ನು ತೋರಿಸಲೇ ಇಲ್ಲ, ‘ಪ್ರೊಸೆಸಿಂಗ್ ನಡೀತಿದೆ’ ಎಂದು ಮೂಗಿಗೆ ತುಪ್ಪ ಸವರುತ್ತಾ ಹೋದರು. ಗಡುವು ದಾಟಿತು, 40ನೇ ಸೆಕ್ಷನ್ ಅಡಿ ತಪ್ಪು ಮಾಹಿತಿ ಎಂದು ತೀರ್ಮಾನವಾಯಿತು. ಅದರ ಫಲ ಐದು ವರ್ಷ ಪ್ರವೇಶಕ್ಕೆ ಅನರ್ಹತೆ, ಆ ಅವಧಿಯಲ್ಲಿ ಪಿಆರ್‌ಗೆ ಮತ್ತೆ ಅರ್ಜಿ ಹಾಕುವಂತೆಯೂ ಇಲ್ಲ. ‘ಏಜೆಂಟರು ಮಾಡಿದ್ದು, ನನಗೆ ಗೊತ್ತಿರಲಿಲ್ಲ’ ಎಂಬ ವಾದ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಸಹಿ ಹಾಕಿದವರೇ ಅದರೊಳಗಿನ ಪ್ರತಿ ಉತ್ತರಕ್ಕೂ ಹೊಣೆ. ಕೆನಡಾದ ಹೊರಗೆ ಆದ ತೀರ್ಮಾನವನ್ನು ಫೆಡರಲ್ ಕೋರ್ಟಿನಲ್ಲಿ ಪ್ರಶ್ನಿಸಲು 60 ದಿನ, ಒಳಗೆ ಆದದ್ದಕ್ಕೆ ಬರೀ 15 ದಿನ. ಇಮೇಲ್ ಬೇರೆಯವರ ಕೈಯಲ್ಲಿದ್ದರೆ ಈ ದಿನಗಳೂ ಗೊತ್ತಿಲ್ಲದಂತೆಯೇ ಕಳೆದುಹೋಗುತ್ತವೆ.

ಹಾಗಾದರೆ ಯಾರ ಸಹಾಯವೂ ಬೇಡವೇ? ಫಾರ್ಮ್ ಎಷ್ಟು ಕಷ್ಟ ಎಂಬುದರ ಮೇಲೆ ಇದನ್ನು ನಿರ್ಧರಿಸಬೇಡಿ, ಫಾರ್ಮ್ ಉದ್ದವಿದೆ ಅಷ್ಟೇ. ಒಂದೆರಡು ಕಂಪನಿಯಲ್ಲಿ ಸಂಬಳದ ಕೆಲಸ, ಸರಿಯಾದ ಪತ್ರಗಳು, ಯಾವ ನಿರಾಕರಣೆಯೂ ಇಲ್ಲ, ಕುಟುಂಬದ ವಿವರ ಸರಳ ಎಂದಾದರೆ ಐಆರ್‌ಸಿಸಿ ಮಾರ್ಗದರ್ಶಿಯನ್ನು ಎರಡು ಸಲ ಓದಿ ನೀವೇ ಹಾಕಬಹುದು. ಪ್ರತಿನಿಧಿ ಇದ್ದರೆ ಅರ್ಜಿ ಬೇಗ ಸಾಗುವುದೂ ಇಲ್ಲ, ವಿಶೇಷ ಗಮನ ಸಿಗುವುದೂ ಇಲ್ಲ. ಪಿಆರ್ ಅರ್ಜಿ ಹಾಕಲು ಐಆರ್‌ಸಿಸಿಯ ಆಹ್ವಾನ ಬಂದ ಮೇಲೆ 60 ದಿನ ಮಾತ್ರ ಸಿಗುತ್ತದೆ, ಆದ್ದರಿಂದ ಅದಕ್ಕೆ ಕಾಯದೆ ಪತ್ರಗಳನ್ನು ಮೊದಲೇ ಕೂಡಿಸಿ. ಕಳೆದ 10 ವರ್ಷಗಳಲ್ಲಿ, 18 ತುಂಬಿದ ಮೇಲೆ, ಸತತ ಆರು ತಿಂಗಳು ಅಥವಾ ಹೆಚ್ಚು ಇದ್ದ ಪ್ರತಿ ದೇಶದ ಪೊಲೀಸ್ ಪ್ರಮಾಣಪತ್ರ ಬೇಕಾಗುತ್ತದೆ. ತಡವಾಗುವುದು ಹೆಚ್ಚಾಗಿ ಇಲ್ಲೇ. ಭಾಷಾ ಪರೀಕ್ಷೆಯ ಫಲಿತಾಂಶ ಎರಡೇ ವರ್ಷ ನಡೆಯುತ್ತದೆ.

ವೃತ್ತಿಪರರಿಗೆ ದುಡ್ಡು ಕೊಡುವುದು ಸಾರ್ಥಕವಾಗುವ ಸಂದರ್ಭಗಳೇ ಬೇರೆ. ಹಿಂದೆ ತಪ್ಪು ಮಾಹಿತಿಯ ಆರೋಪ ಬಂದಿದ್ದರೆ, ಕ್ರಿಮಿನಲ್ ಪ್ರಕರಣವಿದ್ದರೆ ಹೋಗಲೇಬೇಕು. ಕುಡಿದು ಗಾಡಿ ಓಡಿಸಿದ ಪ್ರಕರಣವನ್ನು ಹಗುರವಾಗಿ ನೋಡಬೇಡಿ, 2018ರ ಡಿಸೆಂಬರ್‌ನಿಂದ ಕೆನಡಾದಲ್ಲಿ ಅದಕ್ಕೆ ಗರಿಷ್ಠ ಶಿಕ್ಷೆ 10 ವರ್ಷ, ಹಾಗಾಗಿ ಗಂಭೀರ ಅಪರಾಧದ ಸಾಲಿಗೆ ಸೇರುತ್ತದೆ. ಸ್ವಂತ ವ್ಯವಹಾರದ ಅನುಭವ ಸಾಬೀತುಪಡಿಸಬೇಕಿದ್ದರೆ, ವಿಚ್ಛೇದನದ ಮೇಲೆ ಮಕ್ಕಳ ಪಾಲನೆಯ ತಕರಾರು ಇದ್ದರೆ, ಕೆನಡಾದಲ್ಲಿ ಇರುವಾಗ ಪರ್ಮಿಟ್ ಅವಧಿ ಮೀರಿದ್ದರೆ ಕೂಡ ಹಾಗೆಯೇ. ಜೊತೆಗೆ ಬಾರದ ಗಂಡ, ಹೆಂಡತಿ, ಮಕ್ಕಳನ್ನೂ ಅರ್ಜಿಯಲ್ಲಿ ತೋರಿಸಲೇಬೇಕು. ಆಗ ಬಿಟ್ಟರೆ ಮುಂದೆ ಅವರನ್ನು ಕುಟುಂಬ ವರ್ಗದಲ್ಲಿ ಕರೆಸಿಕೊಳ್ಳುವ ಬಾಗಿಲೇ ಮುಚ್ಚಬಹುದು. ‘ಮಗುವಿನ ಹೆಸರು ಆಮೇಲೆ ಸೇರಿಸೋಣ’ ಎನ್ನುವ ಏಜೆಂಟರಿಂದ ಆ ಕ್ಷಣವೇ ಎದ್ದು ಬನ್ನಿ.

ಕೆಲಸದ ಆಫರ್ ಮಾರುವವರದ್ದು ಇನ್ನೊಂದು ಕಥೆ. ಎಲ್‌ಎಂಐಎ (ವಿದೇಶಿಯರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಕಂಪನಿಗೆ ಕೆನಡಾ ಸರ್ಕಾರ ಕೊಡುವ ಒಪ್ಪಿಗೆ) ಕೊಡಿಸಿ ಅಂಕ ಹೆಚ್ಚಿಸುತ್ತೇವೆ ಎಂದು ದುಡ್ಡು ಕೇಳುತ್ತಾರೆ. 2025ರ ಮಾರ್ಚ್ 25ರಿಂದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಕೆಲಸದ ಆಫರ್‌ಗೆ ಸಿಗುತ್ತಿದ್ದ ಸಿಆರ್‌ಎಸ್ ಅಂಕವನ್ನೇ (ಅರ್ಜಿದಾರರ ಸ್ಥಾನ ನಿರ್ಧರಿಸುವ ಅಂಕ) ತೆಗೆದುಹಾಕಿದ್ದಾರೆ.

ಯಾರನ್ನಾದರೂ ಹಿಡಿಯುವುದೇ ಆದರೆ, ಪರವಾನಗಿ ಸಂಖ್ಯೆ ಕೇಳಿ. ಸಲಹೆಗಾರರದ್ದು ‘ಆರ್’ ಅಕ್ಷರದಿಂದ ಶುರುವಾಗುತ್ತದೆ. ಸಿಐಸಿಸಿಯ ಸಾರ್ವಜನಿಕ ಪಟ್ಟಿಯಲ್ಲಿ ಹುಡುಕಿ, ಪರವಾನಗಿ ಈಗಲೂ ಚಾಲ್ತಿಯಲ್ಲಿದೆಯೇ ನೋಡಿ. ಅಷ್ಟಕ್ಕೇ ನಿಲ್ಲಿಸಬೇಡಿ. ಬೇರೆಯವರ ಸಂಖ್ಯೆ ತೋರಿಸಿ ಕೆಲಸ ಹಿಡಿಯುವವರಿದ್ದಾರೆ, ಆದ್ದರಿಂದ ಪಟ್ಟಿಯಲ್ಲಿರುವ ಸಂಪರ್ಕದ ಮೂಲಕವೇ ಮಾತಾಡಿ, ಎದುರಿಗೆ ಕೂತವರು ಅವರೇ ಎಂದು ಖಚಿತಪಡಿಸಿಕೊಳ್ಳಿ. ಏನೇನು ಕೆಲಸ, ಎಷ್ಟು ಶುಲ್ಕ, ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಎಂಬುದು ಬರಹದ ಒಪ್ಪಂದದಲ್ಲಿರಲಿ. ಪ್ರತಿನಿಧಿಯನ್ನು ಘೋಷಿಸುವ ಐಎಂಎಂ 5476 ಫಾರ್ಮ್‌ನಲ್ಲಿ ಅವರ ಹೆಸರು, ಪರವಾನಗಿ ಸಂಖ್ಯೆ ಬಂದೇ ಬರಬೇಕು. ‘ಅದು ಬೇಡ, ನಿಮ್ಮ ಹೆಸರಲ್ಲೇ ಹಾಕೋಣ’ ಎಂದರೆ ಅಲ್ಲಿಗೆ ಮಾತು ಮುಗಿಯಿತು. ಕಳಿಸುವ ಮೊದಲು ಇಡೀ ಅರ್ಜಿಯ ಪ್ರತಿಯನ್ನು ಕೂತು ಓದಿ, ಕಳಿಸಿದ ಮೇಲೆ ಸ್ವೀಕೃತಿ ಪತ್ರ ಮತ್ತು ಅರ್ಜಿ ಸಂಖ್ಯೆಯನ್ನು ಇಟ್ಟುಕೊಳ್ಳಿ. ಪೂರ್ತಿ ಕೆಲಸ ಒಪ್ಪಿಸದೆ, ನೀವೇ ತುಂಬಿದ್ದನ್ನು ವಕೀಲರಿಗೆ ಒಂದು ಗಂಟೆಯ ಸಲಹೆಗೆ ತೋರಿಸುವುದೂ ಉಂಟು. ಒಂದೇ ಒಂದು ತೊಡಕಿರುವವರಿಗೆ ಅದೇ ಒಳ್ಳೆಯ ದಾರಿ ಎನಿಸುತ್ತದೆ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಮೊದಲು ಲಾಗಿನ್ ಕೇಳಿ ಪಡೆಯಿರಿ, ಇಮೇಲ್ ಬದಲಾಯಿಸಿ. ಹೆಸರು ಕೊಟ್ಟ ಪ್ರತಿನಿಧಿಯನ್ನು ತೆಗೆಯಲೂ ಅದೇ 5476 ಫಾರ್ಮ್ ಸಾಕು. ಲಾಗಿನ್ ಕೊಡದಿದ್ದರೆ ಐಆರ್‌ಸಿಸಿ ವೆಬ್‌ಫಾರ್ಮ್ ಮೂಲಕ ನಿಮ್ಮ ಗುರುತಿನ ದಾಖಲೆ ಸೇರಿಸಿ ಬರೆಯಿರಿ. ಅರ್ಜಿಯಲ್ಲಿ ಏನು ಹೋಗಿದೆ ಎಂದೇ ತಿಳಿಯದಿದ್ದರೆ ಪ್ರೈವಸಿ ಆ್ಯಕ್ಟ್ ಅಡಿ ನಿಮ್ಮ ಕಡತದ ಪ್ರತಿ ಕೇಳಬಹುದು. 2022ರ ಜುಲೈನಿಂದ ಕೆನಡಾದ ಹೊರಗಿರುವವರಿಗೂ ಆ ಹಕ್ಕಿದೆ, ಶುಲ್ಕವಿಲ್ಲ. ತಪ್ಪು ಉತ್ತರ ಹೋಗಿರುವುದು ಖಚಿತವಾದರೆ, ಐಆರ್‌ಸಿಸಿ ಕಂಡುಹಿಡಿದು ಕೇಳುವ ಮೊದಲೇ ಸರಿಯಾದ ಉತ್ತರವನ್ನೂ ತಪ್ಪು ಹೇಗಾಯಿತು ಎಂಬುದನ್ನೂ ಅರ್ಧ ಪುಟದಲ್ಲಿ ಬರೆದು ಕಳಿಸಿ. ಏಜೆಂಟರಿಗೆ ಹಣ ಕೊಟ್ಟ ರಸೀದಿ, ಅವರು ಕಳಿಸಿದ ಸಂದೇಶಗಳು ಯಾವುದನ್ನೂ ಅಳಿಸಬೇಡಿ.